ನಾಲ್ಕನೇ ಜಾಗ

"ಇವತ್ತು ಅರ್ಹತಾ ಸುತ್ತೋ, ಫೈನಲ್ಲೋ?" ಎಂದು ಕೀಗನ್ ಕೇಳಿದ.

ಗುಡ್ಡದ ಮೇಲಕ್ಕೆ ಹಗ್ಗದಲ್ಲಿ ತೂಗುತ್ತ ಸಾಗುವ ಲಿಫ್ಟಿನ ಕುರ್ಚಿ ಎರಡನೇ ಕಂಬವನ್ನು ದಾಟುತ್ತಿತ್ತು. ಇದೇ ಪ್ರಶ್ನೆಗೆ ರೀಸ್ ಕೆಳಗೆ ಕುರ್ಚಿ ಹತ್ತುವಾಗ ಒಮ್ಮೆ, ಮೊದಲ ಕಂಬದ ಹತ್ತಿರ ಇನ್ನೊಮ್ಮೆ ಉತ್ತರ ಹೇಳಿದ್ದ.

"ಅರ್ಹತಾ ಸುತ್ತು. ಮೂರನೇ ಸಲ ಕೇಳ್ತಿದೀಯ ಕಣೋ."

"ಸುಮ್ನೆ ರೇಗಿಸ್ದೆ. ನಿನ್ ಮುಖ ನೋಡ್ಕೋ, ಹೆದ್ರಿದ ಮೊಲದ ಥರ ಇದೆ." ಕೀಗನ್ ನಕ್ಕ. ನಗು ಅವನದೇ. ಆದರೆ ನಕ್ಕು ಮುಗಿಸಿದ ಮೇಲೆ ತಾನು ಯಾಕೆ ನಕ್ಕೆ ಎಂದು ಹುಡುಕುವವನಂತೆ ಕಾಲ ಕೆಳಗಿನ ಹಿಮವನ್ನೇ ನೋಡುತ್ತ ಕುಳಿತ.

ಹತ್ತು ನಿಮಿಷದ ಹಿಂದೆ, ಅಭ್ಯಾಸದ ಓಟದಲ್ಲಿ, ಅವನು ಬಿದ್ದಿದ್ದ. ಹಿಮದಲ್ಲಿ ಅರ್ಧ ಕೊಳವೆಯಂತೆ ಕಡಿದ ಹಾಫ್‌ಪೈಪಿನ ಬಲಗೋಡೆಯಿಂದ ಮೇಲೆ ಹಾರಿ, ಎರಡು ಪಲ್ಟಿ ಹೊಡೆದು, ಇಳಿಯುವಾಗ ಒಂದು ಗೇಣು ತಪ್ಪಿದ. ಸ್ಕೀ ಗೋಡೆಯ ಅಂಚಿಗೆ ತಾಗಿತು. ಇಪ್ಪತ್ತೆರಡು ಅಡಿ ಕೆಳಗೆ, ಕಲ್ಲಿನಷ್ಟು ಗಟ್ಟಿಯಾದ ನೆಲಕ್ಕೆ ಹೆಲ್ಮೆಟ್ಟು ಬಡಿದ ಸದ್ದು ಮೇಲೆ ಸರದಿ ಕಾಯುತ್ತಿದ್ದ ರೀಸ್‌ಗೆ ಕೇಳಿಸಿತು. ಹಿಮ ಬೀಳುತ್ತಿತ್ತು. ತರಬೇತುದಾರ ಮಾರ್ಸೆಲ್ ತೀರ್ಪುಗಾರರ ಸಭೆಗೆ ಹೋಗಿದ್ದ. ಕೀಗನ್ ತಾನೇ ಎದ್ದು, ಇಳಿಜಾರಿನ ಕಾವಲಿನವರಿಗೆ ಏನೂ ಆಗಿಲ್ಲವೆಂದು ಹೆಬ್ಬೆರಳು ತೋರಿಸಿ, ಕೆಳಗೆ ಜಾರಿಕೊಂಡು ಹೋದ. ಬಿದ್ದದ್ದನ್ನು ಸರಿಯಾಗಿ ಕಂಡವನು ರೀಸ್ ಒಬ್ಬನೇ.

ಇಬ್ಬರೂ ಕಿಂಬರ್ಲಿ ಎಂಬ ಊರಿನವರು. ಒಂಬತ್ತನೇ ವಯಸ್ಸಿನಿಂದ ಒಂದೇ ಗುಡ್ಡದಲ್ಲಿ ಬಿದ್ದು ಎದ್ದವರು, ಈಗ ಇಪ್ಪತ್ತೇಳು. ಕ್ಯಾಲ್ಗರಿಯಲ್ಲಿ ಆರು ವರ್ಷದಿಂದ ಒಂದೇ ಮನೆಯಲ್ಲಿದ್ದರು. ಫೆಬ್ರವರಿಯ ಒಲಿಂಪಿಕ್ಸಿಗೆ ಕೆನಡಾದಿಂದ ನಾಲ್ಕು ಜನ ಹೋಗಬಹುದಿತ್ತು. ಮೂರು ಹೆಸರು ಆಗಲೇ ಗಟ್ಟಿಯಾಗಿದ್ದವು. ನಾಲ್ಕನೆಯದು ಇವರಿಬ್ಬರಲ್ಲಿ ಒಬ್ಬರದು, ಇದೇ ಕೊನೆಯ ಸ್ಪರ್ಧೆಯಲ್ಲಿ ತೀರ್ಮಾನವಾಗುವಂಥದ್ದು. ಅಂಕಪಟ್ಟಿಯಲ್ಲಿ ಕೀಗನ್ ಮುಂದಿದ್ದ. ಈ ದಿನ ಮೊದಲ ಹನ್ನೆರಡು ಜನರೊಳಗೆ ಬಂದು ಫೈನಲ್ಲಿಗೆ ಹೋದರೆ ಸಾಕಿತ್ತು.

"ಯಾರಿಗೂ ಹೇಳ್ಬೇಡ," ಎಂದ ಕೀಗನ್, ಮೇಲೆ ತಲುಪಿ ಕುರ್ಚಿಯಿಂದ ಇಳಿಯುವಾಗ. "ತಲೆ ಸ್ವಲ್ಪ ಭಾರ ಇದೆ, ಅಷ್ಟೆ. ಇವತ್ತೊಂದು ದಿನ ದಾಟಿಸ್ಬಿಡ್ತೀನಿ."

"ಹೋದ್ ವರ್ಷ ತಲೆಗೆ ಪೆಟ್ಟಾಗಿ ಆರು ವಾರ ಮಲಗಿದ್ದೆ ನೀನು. ಇನ್ನೊಂದ್ ಸಲ ಆದ್ರೆ ಆಟ ಬಿಡು ಅಂದಿದ್ರು ಡಾಕ್ಟ್ರು."

"ಅದಕ್ಕೇ ಹೇಳ್ಬೇಡ ಅಂತಿರೋದು."

ಇಬ್ಬರೂ ಹಾಫ್‌ಪೈಪಿನ ಬಾಯಿಯ ಬಳಿ ನಿಂತರು. ಕೀಗನ್ ಬೂಟಿನ ಕೊಂಡಿ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಆಮೇಲೆ ತಗ್ಗಿದ ದನಿಯಲ್ಲಿ, ಯಾರಿಗೂ ಕೇಳಬಾರದೆಂಬಂತೆ, "ರೀಸ್, ನನ್ ಮೊದಲ್ನೇ ಜಿಗಿತ ಎಡಕ್ಕಾ ಬಲಕ್ಕಾ?" ಎಂದ.

ಎರಡು ವರ್ಷದಿಂದ ಅವನು ಕೂಡಿಸಿ ತಿದ್ದಿದ ಓಟ ಅದು. ಅಡುಗೆಮನೆಯಲ್ಲಿ ಕಾಫಿಗೆ ಕಾಯುತ್ತ ನಿಂತಾಗಲೂ ಭುಜ ತಿರುಗಿಸಿ ಅದನ್ನೇ ಅಭ್ಯಾಸ ಮಾಡುತ್ತಿದ್ದವನು.

"ನಾನ್ ಬರೋವರೆಗೆ ಇಲ್ಲೇ ಇರು," ಎಂದು ರೀಸ್ ಪೈಪಿನ ಪಕ್ಕದ ಇಳಿಜಾರಿನಲ್ಲಿ ನೇರ ಕೆಳಗೆ ಜಾರಿದ. ಡಾಕ್ಟರರ ಡೇರೆಯ ಬಾಗಿಲಲ್ಲಿ ಸ್ಕೀ ಕಳಚಿ, ಸ್ವಲ್ಪ ಹೊತ್ತು ಹಾಗೇ ನಿಂತ. ನಂತರ ಒಳಗೆ ಹೋದ.

ತಂಡದ ಡಾಕ್ಟರ್ ಪ್ರಿಚರ್ಡ್ ಕೇಳಿಸಿಕೊಂಡ ತಕ್ಷಣ ರೇಡಿಯೋ ಎತ್ತಿ ಏಳನೇ ನಂಬರಿನವನನ್ನು ಕೆಳಗೆ ಕಳಿಸಿ ಎಂದಳು. ಕೀಗನ್ ಹಿಮವಾಹನದ ಹಿಂದೆ ಕುಳಿತು ಬಂದ. ಅವಳು ನೆನಪಿಟ್ಟುಕೋ ಎಂದು ಐದು ಪದ ಹೇಳಿದಳು: ಸೇಬು, ಕಂಬಳಿ, ಸೇತುವೆ, ಬೆರಳು, ಕುದುರೆ. ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದಳು. ಅವನು ಸೆಪ್ಟೆಂಬರಿಗೆ ಬಂದು ನಿಂತುಬಿಟ್ಟ. ಪದಗಳನ್ನು ಮತ್ತೆ ಕೇಳಿದಾಗ, "ಕುದುರೆ," ಎಂದ. ಬಹಳ ಹೊತ್ತು ಯೋಚಿಸಿ ಇನ್ನೊಮ್ಮೆ, "ಕುದುರೆ."

ಪರದೆಯಾಚೆ ನಿಂತಿದ್ದ ರೀಸ್‌ನ ಕಡೆ ಆಗ ಅವನ ಕಣ್ಣು ತಿರುಗಿತು.

"ನೀನಾ ಹೇಳಿದ್ದು?"

"ಹೂಂ."

"ತಗೋ ಹಾಗಾದ್ರೆ. ಜಾಗ ನಿಂದೇ."

ರೀಸ್ ಮಾರ್ಸೆಲ್‌ನನ್ನು ಹುಡುಕಿ, ತಾನೂ ಸ್ಪರ್ಧೆಗೆ ಇಳಿಯುವುದಿಲ್ಲ ಎಂದ. ಮಾರ್ಸೆಲ್ ಕೈಗವಸು ಕಳಚಿ ಮೂಗೊರೆಸಿಕೊಂಡ. "ನೀನು ಇಳೀದಿದ್ರೆ ಆ ಜಾಗ ಬೇರೆ ದೇಶಕ್ಕೆ ಹೋಗತ್ತೆ. ಅವನಿಗಂತೂ ವಾಪಸ್ ಬರಲ್ಲ. ಅಳೋದಿದ್ರೆ ಆಮೇಲೆ ಅಳು. ಈಗ ಹೋಗಿ ಸ್ಕೀಗೆ ವ್ಯಾಕ್ಸ್ ಹಚ್ಕೋ."

ರೀಸ್ ಇಳಿದ. ಒಂದು ಗೋಡೆಯಿಂದ ಇನ್ನೊಂದಕ್ಕೆ, ಐದು ಜಿಗಿತ, ಕೊನೆಯದು ಹಿಮ್ಮುಖವಾಗಿ. ಮೈ ತನ್ನ ಪಾಡಿಗೆ ತಾನು ಎಲ್ಲವನ್ನೂ ಮಾಡಿತು. ಅಷ್ಟು ಹಗುರಾಗಿ ಅವನು ಯಾವತ್ತೂ ಹಾರಿರಲಿಲ್ಲ. ಫಲಕದಲ್ಲಿ ಎಂಬತ್ತನಾಲ್ಕು ಚಿಲ್ಲರೆ ಅಂಕ ಬೆಳಗಿದಾಗ ನೋಡುತ್ತಿದ್ದ ಜನ ಕೈಗಂಟೆ ಬಾರಿಸಿ ಮೆಚ್ಚಿದರು. ಬೇಲಿಯ ಹತ್ತಿರ, ಮಗನ ಆಟ ನೋಡಲು ಬಂದಿದ್ದ ಕೀಗನ್‌ನ ತಾಯಿ ಲೋರ್ನಾ ನಿಂತಿದ್ದ ಜಾಗ ಖಾಲಿಯಿತ್ತು.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ರಕ್ತವಿಲ್ಲ, ಬಿರುಕಿಲ್ಲ. ಅದೇ ಕಷ್ಟವಾಯಿತು. ಏನಾದರೂ ಕಂಡಿದ್ದರೆ ರೀಸ್ ಅವನ ಜೀವ ಉಳಿಸಿದ ಎಂದು ಎಲ್ಲರೂ ಒಪ್ಪುತ್ತಿದ್ದರು. ಊಟದ ಮೇಜಿನಲ್ಲಿ ತಂಡದ ಹುಡುಗನೊಬ್ಬ ತಟ್ಟೆಯಿಂದ ತಲೆಯೆತ್ತದೆ, "ಟೈಮಿಂಗ್ ಮಾತ್ರ ಚೆನ್ನಾಗಿತ್ತಪ್ಪ," ಎಂದ. ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ. ರೀಸ್ ಕ್ಯಾಲ್ಗರಿಯ ಮನೆಗೆ ಹೋದಾಗ ಕೀಗನ್‌ನ ಕೋಣೆಯಲ್ಲಿ ಮಂಚ ಮಾತ್ರ ಉಳಿದಿತ್ತು. ಒಲಿಂಪಿಕ್ಸಿನಲ್ಲಿ ರೀಸ್ ಹದಿನಾಲ್ಕನೆಯವನಾಗಿ, ಫೈನಲ್ ಕಾಣದೆ ಹಿಂತಿರುಗಿದ.

ಏಪ್ರಿಲ್‌ನಲ್ಲಿ ಲೋರ್ನಾ ಫೋನ್ ಮಾಡಿದಳು. "ಒಂದ್ಸಲ ಬಂದ್ ಹೋಗಪ್ಪ. ಅವನು ಕರ್ದಿದ್ದಲ್ಲ, ನಾನು ಕರೀತಿರೋದು."

ಕಿಂಬರ್ಲಿಗೆ ಐದು ಗಂಟೆಯ ದಾರಿ. ಲೋರ್ನಾ ಬಾಗಿಲು ತೆಗೆದು, ಅವನ ತೋಳನ್ನೊಮ್ಮೆ ಹಿಡಿದು ಬಿಟ್ಟು, ಹಿತ್ತಿಲ ಕಡೆ ಕೈ ತೋರಿಸಿದಳು. "ಮೆಲ್ಲಗೆ ಮಾತಾಡು. ಆ ಪೆಟ್ಟಾದಾಗಿಂದ ಬೆಳಕು, ಸದ್ದು ಎರಡೂ ಆಗಲ್ಲ ಅವನಿಗೆ. ದಿನಕ್ಕೆ ಅರ್ಧ ಗಂಟೆ ಹೊರಗೆ ಕೂರ್ತಾನೆ."

ಹಿತ್ತಿಲ ಮೆಟ್ಟಿಲ ಮೇಲೆ ಕೀಗನ್ ಕುಳಿತಿದ್ದ. ದಪ್ಪಗಾಗಿದ್ದ. ಸೂರಿನಿಂದ ಕರಗಿದ ಹಿಮ ಒಂದೇ ಸಮನೆ ತೊಟ್ಟಿಕ್ಕುತ್ತಿತ್ತು.

"ಹದಿನಾಲ್ಕಂತೆ," ಎಂದ ಕೀಗನ್. "ನಾನಾಗಿದ್ರೆ ಎಂಟರೊಳಗೆ ಬರ್ತಿದ್ದೆ."

"ಬರ್ತಿದ್ದೆ ನೀನು."

ಕೀಗನ್ ಬೂಟಿನ ತುದಿಯಿಂದ ಮೆಟ್ಟಿಲ ಒದ್ದೆ ಹಿಮವನ್ನು ಕೆಳಗೆ ತಳ್ಳಿದ.

"ಆ ದಿನದ್ದು ನಂಗೆ ಒಂದೂ ನೆನಪಿಲ್ಲ ಕಣೋ. ಬೆಳಿಗ್ಗೆ ಮೊಟ್ಟೆ ತಿಂದಿದ್ದು ಗೊತ್ತು. ಆಮೇಲೆ ಆಸ್ಪತ್ರೆ. ಮಧ್ಯದ್ದೆಲ್ಲ ಅವರಿವರು ಹೇಳಿದ್ದು. ನೀನು ಚಾಡಿ ಹೇಳ್ದೆ ಅಂತಾರೆ. ಬಿದ್ದಿದ್ದನ್ನ ನೋಡಿದ್ದು ನೀನೊಬ್ನೇ. ಹೇಳು."

ರೀಸ್ ಹೇಳಿದ. ಅಂಚು, ಸದ್ದು, ಲಿಫ್ಟಿನಲ್ಲಿ ಮೂರು ಸಲ ಕೇಳಿದ ಪ್ರಶ್ನೆ. ಎಡಕ್ಕಾ ಬಲಕ್ಕಾ ಎಂದು ಕೇಳಿದ್ದನ್ನು ಹೇಳಿದಾಗ ಕೀಗನ್‌ನ ಭುಜ ತಾನಾಗಿ ಎಡಕ್ಕೆ ಸ್ವಲ್ಪ ತಿರುಗಿತು.

"ನಾನು ಕೇಳಿದ್ನಾ ಅದನ್ನ?"

"ಕೇಳ್ದೆ."

"ನೀನು ಕಟ್ಟಿ ಹೇಳಿದ್ರೂ ನಂಗೆ ಗೊತ್ತಾಗಲ್ಲ."

"ಗೊತ್ತು."

ಕೀಗನ್ ಅಂಗೈಯಿಂದ ಕಣ್ಣು ಮುಚ್ಚಿಕೊಂಡ. "ಹಾಗಾದ್ರೆ ಒಂದೇ ಒಂದು ಕೇಳ್ತೀನಿ. ಜಾಗ ನಿಂಗೆ ಸಿಗತ್ತೆ ಅನ್ನೋದು ಯಾವಾಗ ಹೊಳೀತು? ಡಾಕ್ಟ್ರಿಗೆ ಹೇಳೋಕೆ ಮುಂಚೇನಾ, ಆಮೇಲಾ?"

ಆಮೇಲೆ ಎನ್ನಬಹುದಿತ್ತು. ಇಲ್ಲವೆನ್ನುವವರು ಲೋಕದಲ್ಲೇ ಯಾರೂ ಇರಲಿಲ್ಲ.

"ಮುಂಚೆ," ಎಂದ ರೀಸ್. "ಕೆಳಗೆ ಹೋಗ್ತಿರುವಾಗಲೇ. ಡೇರೆ ಬಾಗಿಲಲ್ಲಿ ಅದಕ್ಕೇ ನಿಂತೆ. ಹೇಳಿದ್ರೂ ಜಾಗ ನಂಗೆ. ಹೇಳ್ದೆ ಬಿಟ್ಟು ನೀನು ಮೇಲಿಂದ ಬಿದ್ರೂ ನಂಗೇ. ಎರಡೂ ಹೊಳೀತು."

ಕೀಗನ್ ಕೈ ತೆಗೆಯಲಿಲ್ಲ. ಒಳಗೆ ಲೋರ್ನಾ ನಲ್ಲಿ ನಿಲ್ಲಿಸಿದಳು.

ಮೋಡ ಸರಿದು ಬಿಸಿಲು ಮೆಟ್ಟಿಲವರೆಗೂ ಬಂತು. ಅಂಗಳದ ಹಿಮವೆಲ್ಲ ಒಟ್ಟಿಗೇ ಹೊಳೆಯಿತು. ಕೀಗನ್ ಮುಖ ಹಿಂಡಿಕೊಂಡು ತಲೆ ತಗ್ಗಿಸಿದ. ರೀಸ್ ಎದ್ದು ಎರಡು ಮೆಟ್ಟಿಲು ಕೆಳಗಿಳಿದು, ಸೂರ್ಯನಿಗೆ ಬೆನ್ನು ಕೊಟ್ಟು, ತನ್ನ ನೆರಳು ಅವನ ಮುಖದ ಮೇಲೆ ಬೀಳುವಂತೆ ನಿಂತ. ಕೀಗನ್ ನಿಧಾನವಾಗಿ ಕೈ ಇಳಿಸಿದ. ಬಿಸಿಲು ಸರಿದಂತೆಲ್ಲ ರೀಸ್ ಕೂಡ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತ, ಒದ್ದೆ ಹಿಮದಲ್ಲಿ ಬಹಳ ಹೊತ್ತು ನಿಂತೇ ಇದ್ದ.