ಅಣ್ಣನ ಗಾಡಿಗೆ ಕೂರಿಸಿದ ಗೇಜು

ಒನ್ನೋ ನಮ್ಮ ಲೇರ್ ಊರಿನ ಬೇಕರಿಯವನು. ಊರೆಲ್ಲ ಮಲಗಿರುವಾಗ ಎದ್ದು ಹಿಟ್ಟು ನಾದುತ್ತಲೇ ವಯಸ್ಸು ಕಳೆದವನು. ಹಿಟ್ಟಿನ ಧೂಳು ಎದೆಯಲ್ಲಿ ಕೂತು ಕೆಮ್ಮು ಬಿಡದಾದಾಗ ಡಾಕ್ಟರು ಗದರಿದರು, ಅಂಗಡಿ ಮುಚ್ಚಿದ. ಅವನಿಗೆ ಒಂದೇ ಆಸೆ ಉಳಿದಿತ್ತು: ಬೆಟ್ಟ ನೋಡಬೇಕು. ನಮ್ಮ ಕಡೆ ಸಮುದ್ರ ತಡೆಯಲು ಕಟ್ಟಿದ ಏರಿಗಿಂತ ಎತ್ತರದ್ದು ಏನೂ ಇಲ್ಲ. ಅದರ ಮೇಲೂ ಕುರಿ ಮೇಯುತ್ತವೆ.

ಅಣ್ಣ ಐಲರ್ಟ್ ಹಡಗುಕಟ್ಟೆಯಲ್ಲಿ ಇಂಜಿನ್ ಕೆಲಸ ಮಾಡಿ ನಿವೃತ್ತನಾದವನು. ಅವನ ಹತ್ತಿರ ಒಂದು ಹಳೇ ಕ್ಯಾಂಪರ್ ವ್ಯಾನ್ ಇತ್ತು. ಹಿಂದುಗಡೆ ಇಂಜಿನ್, ಒಳಗೆ ಹಾಸಿಗೆ, ಒಲೆ, ಮೇಲಕ್ಕೆ ತೆರೆಯುವ ಚಾವಣಿ. ಅದರಲ್ಲಿ ಪೋರ್ಚುಗಲ್ಲಿಗೆ ಹೋದದ್ದು, ಗ್ರೀಸಿಗೆ ಹೋದದ್ದು ಎಂದು ಅವನು ಕತೆ ಹೇಳುವಾಗ ತಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಐಲರ್ಟ್ ಆ ಗಾಡಿಯನ್ನು ತಮ್ಮನಿಗೇ ಮಾರಿದ. "ಇಂಜಿನ್ ಗಡಿಯಾರದ ಹಾಗಿದೆ. ಹೊರಗಿನವರಿಗೆ ಕೊಡೋಕೆ ಮನಸ್ಸಾಗಲಿಲ್ಲ ಕಣೋ," ಅಂದ. ಒನ್ನೋ ಚೌಕಾಸಿ ಮಾಡಲಿಲ್ಲ. ಅಣ್ಣನ ಹತ್ತಿರ ಯಾರು ಚೌಕಾಸಿ ಮಾಡುತ್ತಾರೆ?

ಆ ಚಳಿಗಾಲವೆಲ್ಲ ಒನ್ನೋ ಗಾಡಿಯ ಬಗ್ಗೆಯೇ ಓದಿದ. ಬೆಟ್ಟ ಹತ್ತುವಾಗ ಇಂಜಿನ್ ಕಾಯುತ್ತದೆ, ಕಾದರೆ ಆಯಿಲ್ ತೆಳ್ಳಗಾಗುತ್ತದೆ, ಆಯಿಲಿನ ಒತ್ತಡ ಬಿದ್ದರೆ ಇಂಜಿನ್ ಸಾಯುತ್ತದೆ ಎಂದು ತಿಳಿದುಕೊಂಡ. ಗಾಡಿಯಲ್ಲಿದ್ದದ್ದು ಒಂದು ಕೆಂಪು ದೀಪ ಮಾತ್ರ. "ದೀಪ ಹತ್ತೋ ಹೊತ್ತಿಗೆ ಹೆಣ ಎತ್ತೋದಷ್ಟೇ ಬಾಕಿ ಇರುತ್ತೆ," ಎಂದು ಹೆಂಡತಿ ಗೆಶೆಗೆ ಹೇಳಿದ. "ಒತ್ತಡ ಎಷ್ಟಿದೆ ಅಂತ ತೋರಿಸೋ ಮುಳ್ಳಿನ ಗೇಜು ಸಿಗುತ್ತೆ. ಹಾಕಿಬಿಡ್ತೀನಿ."

ಐಲರ್ಟ್‌ಗೆ ಹೇಳಿದಾಗ ಅವನು ನಕ್ಕುಬಿಟ್ಟ. "ಲೇ ಹಿಟ್ಟಿನ ಮೂಟೆ, ಆ ಮುಳ್ಳು ನೋಡ್ತಾ ಕೂತರೆ ದಾರಿ ಯಾರು ನೋಡ್ತಾರೆ? ನಾನು ಯುರೋಪೆಲ್ಲ ಸುತ್ತಿದ್ದು ಗೇಜು ಇಟ್ಕೊಂಡಾ?"

"ನೀನು ಇಂಜಿನ್ ಸದ್ದು ಕೇಳೇ ಹೇಳ್ತೀಯ. ನಂಗೆ ಗೊತ್ತಾಗೋದು ಬ್ರೆಡ್ಡು ಬೆಂದಿದ್ಯೋ ಇಲ್ವೋ ಅನ್ನೋದಷ್ಟೇ. ಒಂದು ದಿನ ಬಂದು ಕೈಹಾಕು."

"ಮೊಣಕಾಲು ನೋವು ಮಾರಾಯ. ಬೇಡದ ಕೆಲಸಕ್ಕೆ ಕರೀಬೇಡ."

ಸರಿ, ಒನ್ನೋ ಒಬ್ಬನೇ ಶುರು ಮಾಡಿದ. ಇಂಜಿನ್ನಿನ ಪಕ್ಕದಲ್ಲಿದ್ದ, ಕೆಂಪು ದೀಪ ಹತ್ತಿಸುವ ಹಳೇ ಸ್ವಿಚ್ಚನ್ನು ಬಿಚ್ಚಿ, ಆ ಜಾಗಕ್ಕೆ ಮೂರು ಬಾಯಿಯ ಹಿತ್ತಾಳೆ ತುಂಡು ತಿರುಗಿಸಿದ. ಒಂದು ಬಾಯಿಗೆ ಹಳೇ ಸ್ವಿಚ್ಚು, ಇನ್ನೊಂದಕ್ಕೆ ಗೇಜಿನ ಸೆನ್ಸರ್. ನೆಲದ ಮೇಲೆ ಅಂಗಾತ ಮಲಗಿ, ಕೆಮ್ಮುತ್ತಾ, ಗಾಡಿಯ ಹೊಟ್ಟೆಯುದ್ದಕ್ಕೂ ವೈರ್ ಎಳೆದು ಮುಂದಕ್ಕೆ ತಂದ. ಸ್ಟೀರಿಂಗ್ ಪಕ್ಕ ಎರಡು ತೂತು ಕೊರೆದು ಗೇಜು ಕೂರಿಸಿದ. ಗೆಶೆ ಹೊರಗೆ ಬಂದಾಗ ಇಂಜಿನ್ ಶುರು ಮಾಡಿದ. ಮುಳ್ಳು ಟಕ್ಕನೆ ಮೇಲೆದ್ದು ನಿಂತಿತು.

"ನೋಡಿದ್ಯಾ!" ಅಂದ. ಮುಖದ ತುಂಬ ಗ್ರೀಸು.

"ನೋಡಿದೆ. ಮೊದಲು ಕೈ ತೊಳಕೋ," ಎಂದು ನಕ್ಕಳು.

ಮಾರನೇ ದಿನ ಇಬ್ಬರೂ ಹೆದ್ದಾರಿಯಲ್ಲಿ ಎಮ್ಡೆನ್ ತನಕ ಹೋಗಿಬಂದರು. ವಾಪಸು ಬರುವಾಗ ಊರ ಬಾಗಿಲಿನ ಸಿಗ್ನಲ್ಲಿನಲ್ಲಿ ನಿಂತರೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಕೆಂಪು ದೀಪ ಮಾತ್ರ ಹತ್ತಿರಲಿಲ್ಲ.

"ನಿನ್ನ ಗೇಜೇ ಸುಳ್ಳು," ಅಂದ ಐಲರ್ಟ್ ಫೋನಿನಲ್ಲಿ. "ಒತ್ತಡ ಇಲ್ಲದಿದ್ರೆ ದೀಪ ಹತ್ತಬೇಕು ತಾನೆ? ಅದನ್ನ ಕಿತ್ತು ಬಿಸಾಕು."

ಒನ್ನೋ ನಂಬಿದ. ಕೆಟ್ಟ ಮಾಲು ಎಂದು ಗೇಜನ್ನು ವಾಪಸು ಕೊಟ್ಟು ಬೇರೆ ಕಂಪನಿಯದು ತಂದು ಕೂರಿಸಿದ. ಇಂಜಿನ್ ಕಾದ ಮೇಲೆ ಅದೂ ಸೊನ್ನೆಗೇ ಇಳಿಯಿತು. ಆಗ ದೀಪವನ್ನೇ ಪರೀಕ್ಷೆ ಮಾಡಿದ. ಹಳೇ ಸ್ವಿಚ್ಚಿನ ವೈರ್ ಕಿತ್ತು ಗಾಡಿಯ ಮೈಗೆ ಮುಟ್ಟಿಸಿದರೆ ದೀಪ ಹತ್ತಬೇಕು. ಹತ್ತಲಿಲ್ಲ.

ಡ್ಯಾಶ್‌ಬೋರ್ಡ್ ಬಿಚ್ಚಿದ. ಇಂಜಿನ್ನಿನಿಂದ ಬಂದ ವೈರನ್ನು ಅಲ್ಲಿ ಯಾರೋ ಕತ್ತರಿಸಿದ್ದರು. ಆಯಿಲ್ ದೀಪದ ವೈರನ್ನು ಬ್ಯಾಟರಿ ದೀಪದ ವೈರಿಗೆ ಸೇರಿಸಿದ್ದರು. ಕೀಲಿ ತಿರುಗಿಸಿದರೆ ಎರಡೂ ಹತ್ತುತ್ತವೆ, ಇಂಜಿನ್ ಶುರುವಾದರೆ ಎರಡೂ ಆರುತ್ತವೆ. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸಬೇಕು. ಜೋಡಣೆಯ ಮೇಲೆ ಮೇಣದ ದಾರವನ್ನು ಒತ್ತೊತ್ತಾಗಿ ಸುತ್ತಿ ಕಟ್ಟಿದ್ದರು. ಹಡಗಿನ ವೈರುಗಳನ್ನು ಐಲರ್ಟ್ ಕಟ್ಟುತ್ತಿದ್ದದ್ದೇ ಹಾಗೆ. ಚಿಕ್ಕಂದಿನಲ್ಲಿ ಒನ್ನೋನ ಗಾಳಿಪಟಕ್ಕೂ ಅವನು ಹಾಗೇ ಕಟ್ಟಿಕೊಡುತ್ತಿದ್ದ.

ಒನ್ನೋ ಸೈಕಲ್ ಹತ್ತಿ ಅಣ್ಣನ ಮನೆಗೆ ಹೋದ.

ಐಲರ್ಟ್ ಹಿತ್ತಲಿನಲ್ಲಿ ಬೇಲಿಗೆ ಬಣ್ಣ ಹಚ್ಚುತ್ತಿದ್ದ. "ಮೊಯಿನ್," ಎಂದು ನಮ್ಮ ಕಡೆಯ ನಮಸ್ಕಾರ ಹೇಳುತ್ತಾ ತಲೆಯೆತ್ತಿದವನು ತಮ್ಮನ ಮುಖ ನೋಡಿ ಬ್ರಷ್ಷು ಕೆಳಗಿಟ್ಟ.

"ನೀನೇ ಕಟ್ಟಿದ್ದು," ಅಂದ ಒನ್ನೋ.

"ಹೂಂ."

"ಇಂಜಿನ್ ಹೋಗಿದೆ ಅಂತ ಗೊತ್ತಿತ್ತು."

"ಹಳೇ ಗಾಡಿ ಒನ್ನೋ. ಬೇರಿಂಗ್ ಸವೆದಿತ್ತು. ದೀಪ ಸದಾ ಮಿನುಗ್ತಿತ್ತು, ನೋಡಿದ್ರೆ ನೀನು ಹೆದರ್ತಿದ್ದೆ."

"ಗೆಶೆನ ಕೂರಿಸಿಕೊಂಡು ನಾನು ಬೆಟ್ಟ ಹತ್ತೋನಿದ್ದೆ! ಸುರಂಗದೊಳಗೆ ಇಂಜಿನ್ ಹಿಡಿದುಕೊಂಡಿದ್ರೆ? ಹಿಂದೆ ಲಾರಿಗಳು ಬರ್ತಿರುತ್ತೆ."

ಐಲರ್ಟ್ ಬೆರಳಿಗಂಟಿದ ಬಣ್ಣ ಒರೆಸಿಕೊಂಡ. "ನಿಜ ಹೇಳ್ಲಾ? ನೀನು ಹೋಗ್ತೀಯ ಅಂತ ನಂಗೆ ಅನ್ನಿಸಲೇ ಇಲ್ಲ. ನೀನು ಎಲ್ಲಿಗೆ ಹೋದೋನು? ಮನೆ ಮುಂದೆ ನಿಲ್ಲಿಸಿಕೊಂಡು ಭಾನುವಾರ ಒರೆಸ್ತೀಯ, ಒಳಗೆ ಕೂತು ಚಹಾ ಕುಡೀತೀಯ, ಅಷ್ಟರಲ್ಲೇ ಖುಷಿಯಾಗಿರ್ತೀಯ ಅಂದುಕೊಂಡೆ."

ಒನ್ನೋ ತಿರುಗಿ ಸೈಕಲ್ ಹತ್ತಿದ. ಮೋಸ ಮಾಡಿದ್ದಕ್ಕಿಂತ ಆ ಮಾತು ಅವನಿಗೆ ಆಳಕ್ಕೆ ನಾಟಿತ್ತು. ಮನೆಗೆ ಬಂದು ಗೆಶೆಗೆ ಹೇಳುವಾಗಲೂ ಮೋಸದ ವಿಷಯ ಎರಡೇ ಮಾತಿನಲ್ಲಿ ಮುಗಿಸಿ ಇದನ್ನೇ ಮತ್ತೆ ಮತ್ತೆ ಹೇಳಿದ.

"ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸೋಣ," ಅಂದಳು ಗೆಶೆ. "ಹೋಗೇ ಹೋಗೋಣ. ಅವನಿಗೆ ಅಲ್ಲಿಂದ ಫೋಟೋ ಕಳಿಸೋಣ."

"ಮನಸ್ಸೇ ಇಲ್ಲ ಕಣೇ."

ಗಾಡಿ ಬೇಸಿಗೆಯೆಲ್ಲ ಹಾಗೇ ನಿಂತಿತು. ಒನ್ನೋ ಅದನ್ನು ಒರೆಸಲೂ ಇಲ್ಲ. ಒಂದು ದಿನ ಗೆಶೆ ತರಕಾರಿ ತಂದು ಒಳಗೆ ಹೋಗುವಾಗ ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಕೊಂಡಿದ್ದ. ಗೇಜು ಸೀಟಿನ ಮೇಲೆ ಬಿದ್ದಿತ್ತು. ತಾನೇ ಬಿಚ್ಚಿಹಾಕಿದ್ದ ಅಣ್ಣನ ಜೋಡಣೆಯನ್ನು ಮತ್ತೆ ಸೇರಿಸುತ್ತಿದ್ದ.

"ಏನು ಮಾಡ್ತಿದೀಯ?"

"ಮಾರ್ತೀನಿ."

"ಹೇಳಿ ಮಾರು."

"ನಂಗೆ ಯಾರು ಹೇಳಿದ್ರು?"

"ಒನ್ನೋ, ನೀನು ಐಲರ್ಟ್ ಅಲ್ಲ."

ಅವನು ಜೋಡಣೆಯ ಮೇಲೆ ದಾರ ಸುತ್ತತೊಡಗಿದ.

ಗಾಡಿ ಕೊಳ್ಳಲು ಬ್ರೇಮನ್‌ನಿಂದ ಒಂದು ಜೋಡಿ ಬಂತು, ಯಾನಿಕ್ ಎಂಬ ಹುಡುಗ, ಮಾರೈಕೆ ಎಂಬ ಹುಡುಗಿ. ಹುಡುಗಿ ಹಾಸಿಗೆ ಮೇಲೆ ಉರುಳಿ ನೋಡಿದಳು, ಒಲೆ ಹಚ್ಚಿ ನೋಡಿದಳು. ಹುಡುಗ ಕೀಲಿ ತಿರುಗಿಸಿದ. ಎರಡು ಕೆಂಪು ದೀಪ ಹತ್ತಿ ಆರಿದವು. "ಚೆನ್ನಾಗಿದೆ," ಅಂದ. ಸ್ಟೀರಿಂಗ್ ಪಕ್ಕದ ತೂತುಗಳ ಮೇಲೆ ಬೆರಳಾಡಿಸಿ, "ಇಲ್ಲೇನಿತ್ತು?" ಎಂದು ಕೇಳಿದ.

"ಗಡಿಯಾರ," ಅಂದ ಒನ್ನೋ. "ಕೆಟ್ಟುಹೋಗಿತ್ತು, ತೆಗೆದೆ."

ಗೆಶೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಗಾಡಿ ಗೇಟು ದಾಟುವಾಗ ಓಡಿಹೋಗಿ ಕಿಟಕಿ ತಟ್ಟಿದಳು. "ದೂರ ಹೋಗೋ ಮುಂಚೆ ಯಾರಿಗಾದರೂ ಇಂಜಿನ್ ತೋರಿಸಿ. ಆಯಿಲ್ ಒತ್ತಡ ನೋಡೋಕೆ ಹೇಳಿ."

"ಖಂಡಿತ ಅಮ್ಮಾ, ಥ್ಯಾಂಕ್ಸ್!" ಎಂದು ಹುಡುಗಿ ಕೈಬೀಸಿದಳು. ಮುದುಕಿಯರು ಹೇಳುವ ಬುದ್ಧಿಮಾತು ಎಂದುಕೊಂಡಿರಬೇಕು. ಅದಕ್ಕಿಂತ ಹೆಚ್ಚು ಹೇಳಲು ಗೆಶೆಗೆ ನಾಲಿಗೆ ಬರಲಿಲ್ಲ; ಗಂಡ ಹಿಂದೆಯೇ ನಿಂತಿದ್ದ.

ಕೆಲವು ವಾರಗಳ ಮೇಲೆ ಮಾರೈಕೆಯ ಫೋನು ಬಂತು. ಕಾಸೆಲ್ ದಾಟಿ ಏರುದಾರಿಯಲ್ಲಿ ಇಂಜಿನ್ ಬಿಗಿದುಕೊಂಡಿತ್ತು. ಜೀವಕ್ಕೇನೂ ಆಗಿರಲಿಲ್ಲ, ಆದರೆ ರಜೆ ಮುಗಿಯಿತು, ಗಾಡಿಯೂ ಮುಗಿಯಿತು. ಮೆಕ್ಯಾನಿಕ್ ದೀಪದ ವೈರು ನೋಡಿಬಿಟ್ಟಿದ್ದ. ಮಾರೈಕೆ ಕೂಗಾಡಲಿಲ್ಲ. "ನಿಮಗೆ ಗೊತ್ತಿತ್ತಲ್ವಾ?" ಎಂದು ಮಾತ್ರ ಕೇಳಿದಳು. ಗೆಶೆ "ಹೂಂ" ಎಂದು ಫೋನನ್ನು ಗಂಡನ ಕೈಗಿಟ್ಟಳು. ಅವನು, "ಇದ್ದ ಹಾಗೇ ತಗೋತೀವಿ ಅಂತ ಸಹಿ ಹಾಕಿದ್ರಲ್ಲ," ಎಂದು ಇಟ್ಟುಬಿಟ್ಟ.

ಮುಂದಿನ ಭಾನುವಾರ ಐಲರ್ಟ್ ಬಂದ. ಒನ್ನೋನೇ ಕರೆದಿದ್ದನಂತೆ. ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತರು. ಗೆಶೆ ಎಂದಿನಂತೆ ಕಪ್ಪುಗಳಿಗೆ ಕಲ್ಲುಸಕ್ಕರೆ ಹಾಕಿ ಚಹಾ ಸುರಿದಳು. ಸಕ್ಕರೆ ಚಿಟಚಿಟ ಸಿಡಿಯಿತು. ಮೊದಲು ಮೊಣಕಾಲಿನ ಮಾತು, ಆಮೇಲೆ ಮೀನಿನ ಮಾತು. ಐಲರ್ಟ್ ಏನೋ ತಮಾಷೆ ಮಾಡಿದ. ಒನ್ನೋ ನಕ್ಕು ಕೆಮ್ಮಿದ. ಅಣ್ಣ ಅವನ ಬೆನ್ನು ತಟ್ಟಿದ. ಒಂದೇ ಮೋಸ ಮಾಡಿದ ಇಬ್ಬರ ನಡುವೆ ಈಗ ಕೋಪದ ಸುಳಿವೂ ಇರಲಿಲ್ಲ.

"ನೀನೂ ಕೂತ್ಕೋ ಗೆಶೆ," ಅಂದ ಐಲರ್ಟ್.

"ನಂಗೆ ಬೇಡ," ಅಂದಳು. ಕೋಟು ಹಾಕಿಕೊಂಡು ಹೊರಗೆ ನಡೆದಳು. ಕತ್ತಲಾಗುವವರೆಗೂ ಬರಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಒನ್ನೋ ಕೇಳಲೂ ಇಲ್ಲ.