ಮೂರನೇ ಹೊತ್ತಿನ ಕರಾವು

ದಿನಕ್ಕೆ ಎರಡರ ಬದಲು ಮೂರು ಹೊತ್ತು ಹಾಲು ಕರೆದರೆ ಲಾಭ ಎಂದು ಕಂಪ್ಯೂಟರ್ ಹೇಳಿತು. ಸೊಸೆ ಅದರಲ್ಲಿ ತಮ್ಮ ಕೊಟ್ಟಿಗೆಯನ್ನೇ ಕಟ್ಟಿದ್ದಳು: ಪ್ರತಿ ಹಸುವಿನ ವಯಸ್ಸು, ಮೇವು, ಹಾಲು, ಗಬ್ಬದ ತಿಂಗಳು. ಗುಂಡಿ ಒತ್ತಿದರೆ ಮುಂದಿನ ವರ್ಷಗಳು ಪರದೆಯ ಮೇಲೆ ಸರಸರನೆ ಕಳೆಯುತ್ತಿದ್ದವು.

"ನಾಳೆಯಿಂದಲೇ ಶುರು ಮಾಡೋಣ," ಎಂದ ಅವಳ ಗಂಡ. ಅವನು ಹಾಲಿನ ವ್ಯಾನ್ ಓಡಿಸುತ್ತಿದ್ದ. ಹಾಲು ಕರೆಯುತ್ತಿದ್ದವಳು ಅವನ ತಾಯಿ.

"ನಿನ್ನ ಗಂಡ ಬಾಯಲ್ಲೇ ಹಾಲು ಕರೀತಾನೆ," ಎನ್ನುತ್ತ ಅತ್ತೆ ಬಂದು ಪರದೆ ನೋಡಿದಳು. "ಹಸು, ಕರು, ಹುಲ್ಲು ಎಲ್ಲಾ ಇದೆ. ನಾನೆಲ್ಲೇ?"

"ನೀವು ಮನೆಯವರಲ್ವಾ ಅತ್ತೆ? ಹೊರಗಿನ ಆಳಾದ್ರೆ ಲೆಕ್ಕಕ್ಕೆ ಹಾಕ್ಬೇಕು."

"ಸರಿ ಬಿಡು. ಕರುವಿಗೂ ನಂಬರ್ ಇದೆ, ನನಗಿಲ್ಲ."

ಮಗ ನಕ್ಕ. ಸೊಸೆ ನಗಲಿಲ್ಲ. ಕರೆಯುವವರ ಜಾಗ ಖಾಲಿ ಬಿಟ್ಟರೆ, ಕೈಗಳಿಗೆ ಮಿತಿಯೇ ಇಲ್ಲವೆಂದು ಕಂಪ್ಯೂಟರ್ ತಿಳಿಯುತ್ತಿತ್ತು. ಅವಳು ಕುರ್ಚಿ ಎಳೆದು ಕೊಟ್ಟಳು.

"ಕೂತ್ಕೊಳ್ಳಿ. ಒಂದು ಹೊತ್ತಿಗೆ ಎಷ್ಟು ಹಸು ಕರೀಬಹುದು ನೀವು?"

"ಎಲ್ಲಾ ಕರೀತೀನಿ."

"ಕೈ ನೋಯದ ಹಾಗೆ."

ಅತ್ತೆ ಬಲಗೈಯನ್ನು ಸೆರಗಿನಡಿ ಎಳೆದುಕೊಂಡಳು. ಬಲ ಮಣಿಕಟ್ಟು ಊದಿಕೊಂಡು ವಾರಗಳಾಗಿದ್ದವು. ನೀರಿನ ಚೊಂಬನ್ನೂ ಎಡಗೈಯಲ್ಲೇ ಎತ್ತುತ್ತಿದ್ದಳು. ಆದರೆ ನಿಜ ಹೇಳಿದರೆ ದನ ಕಡಿಮೆ ಮಾಡಬೇಕಾಗುತ್ತದೆ. ಮೊದಲು ಹೋಗುವುದು ಇನ್ನೂ ಕರು ಹಾಕದ ಎರಡು ಕಡಸುಗಳು. ಅವುಗಳ ತಾಯಿ ಸತ್ತಾಗ ಅತ್ತೆಯೇ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದ ಜೋಡಿ ಅದು.

"ಅರ್ಧ ಹಾಕು," ಎಂದಳು ಕೊನೆಗೆ.

"ಅರ್ಧಾನಾ? ಅಮ್ಮಾ..."

"ಸುಮ್ನಿರೋ. ಮಣಿಕಟ್ಟು ನಿಂದಾ ನಂದಾ?"

ಸೊಸೆ ಗುಂಡಿ ಒತ್ತಿದಳು. ಮೂರನೇ ಕರಾವು ಬಿದ್ದುಹೋಯಿತು. ಎರಡು ಹೊತ್ತಿಗೂ ಕೈ ಸಾಲಲಿಲ್ಲ. ಕಡಸುಗಳು ಕರು ಹಾಕಿದರೂ ಕರೆಯುವವರಿಲ್ಲ, ಮಾರುವುದೇ ಮೇಲು ಎಂದು ಉತ್ತರ ಬಂತು. ಸಂಬಳದ ಆಳನ್ನು ಸೇರಿಸಿ ನೋಡಿದಳು, ನಷ್ಟ. ಅತ್ತೆ ಪರದೆಯಿಂದ ಮುಖ ತಿರುಗಿಸಿದಳು.

ಸೊಸೆ ಮತ್ತೆ ತುಂಬಿದಳು: ಬೆಳಗಿನ ಉಳಿದರ್ಧಕ್ಕೆ ತಾನು, ಸಂಜೆಯದಕ್ಕೆ ಗಂಡ. ಈ ಸಲ ಕಡಸುಗಳು ಉಳಿದವು.

"ನಂಗೆ ಕರೆಯೋಕೆ ಬರಲ್ಲ ಕಣೇ," ಎಂದ ಅವನು.

"ಈಗಲೇ ಹೇಳಿ, ನಿಮ್ಮನ್ನ ಲೆಕ್ಕದಿಂದ ಅಳಿಸ್ತೀನಿ. ಕಡಸು ಹೋಗುತ್ತೆ."

ಅವನು ತಾಯಿಯ ಕೈ ನೋಡಿದ. "ಅಳಿಸ್ಬೇಡ, ಇರ್ಲಿ ಬಿಡು," ಎಂದ.

ಆ ಸಂಜೆ ಅತ್ತೆ ಅವನನ್ನು ಎಲ್ಲಕ್ಕಿಂತ ಸಾಧು ಹಸುವಿನ ಪಕ್ಕ ಕೂರಿಸಿದಳು. ಬಹಳ ಹೊತ್ತಾದ ಮೇಲೂ ಪಾತ್ರೆಯ ತಳ ಮುಚ್ಚಿರಲಿಲ್ಲ.

"ಎಳೀಬೇಡ, ಒತ್ತು," ಎಂದಳು ಅತ್ತೆ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು.