ಹೂಂ ಅನ್ನುವವರು ಬೇಕು

ಸೀಮೆಸುಣ್ಣದ ಪುಡಿ ಬಿದ್ದು ಮಹಾಬಳೇಶ್ವರ ಸರ್ ಮೀಸೆ ಒಂದೇ ಕಡೆ ನರೆತ ಹಾಗಿದೆ, ಬೋರ್ಡಿನ ಮೇಲೆ ಸೆಟ್ಟಿಂಗ್, ಕಾನ್‌ಫ್ಲಿಕ್ಟ್, ಸಸ್ಪೆನ್ಸ್, ಎಲ್ಲಕ್ಕಿಂತ ಮೇಲೆ ಕ್ಲೈಮ್ಯಾಕ್ಸ್ — ಜೆಸ್ಸಿಕಾ, ಬಾ ಇಲ್ಲಿ, ನಿಮ್ಮ ಮನಿ ಕಥಿ ಒಂದು ಇಂಗ್ಲಿಷಿನ್ಯಾಗ ಹೇಳು, ಕ್ಲೈಮ್ಯಾಕ್ಸ್ ಎಲ್ಲಿ ಬಂತು ತೋರಸು, ಹತ್ತು ಮಾರ್ಕ್ಸು, ಅನ್ನುತ್ತಾರೆ ಸರ್ — ಮಾರ್ಕ್ಸು ಹಾಳಾಗಿ ಹೋಗಲಿ, ಹೋದ ತಿಂಗಳು ತಾನು ಎರಡೇ ವಾಕ್ಯ ಹೇಳಿ ಬೆವತು ಕೂತಿದ್ದನ್ನು ಹಳಿಯಾಳದ ಈ ಕಾಲೇಜು ಇನ್ನೂ ಮರೆತಿಲ್ಲ, ಕೊನೆಯ ಬೆಂಚಿನ ಶರಣಬಸವನಂತೂ ಮರೆಯುವ ಗಿರಾಕಿಯೇ ಅಲ್ಲ, ಇವತ್ತು ಕಥೆ ಮುಗಿಸಿಯೇ ಕೂರಬೇಕು, ಅಲ್ಲಿಯವರೆಗೆ ಕಾಲು ಬೆಂಚಿನ ಕಡೆ ತಿರುಗಕೂಡದು — ಕಾಲು ಅಂದ ಕೂಡಲೇ ಅಜ್ಜನ ಕಾಲು, ಹೌದು, ಅದೇ ಕಥೆ, ಊರಲ್ಲಿ, ಕುಂಬಾರವಾಡದಲ್ಲಿ, ಮಧ್ಯಾಹ್ನ ಗಂಜಿ ಉಂಡ ಮೇಲೆ ಸೋನುಬಾಯಿ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಹೇಳುತ್ತಿದ್ದದ್ದು, ಲಾರೆನ್ಸ್ ಅಜ್ಜ ಜೇನು ಕೀಳಲು ಮತ್ತಿಮರ ಹತ್ತಿದ್ದು, ಅದೇ ಜೇನಿಗೆ ಕೆಳಗಿನಿಂದ ಕರಡಿಯೂ ಹತ್ತಿ ಬಂದದ್ದು, ಅಜ್ಜನ ಕಾಲು, ಕರಡಿಯ ಮೂಗು, ನಡುವೆ ಒಂದೇ ಗೇಣು.

ಒನ್ ಡೇ ಮೈ ಗ್ರ್ಯಾಂಡ್‌ಫಾದರ್ ವೆಂಟ್ ಟು ದಿ ಫಾರೆಸ್ಟ್, ಅಂದಳು ಜೆಸ್ಸಿಕಾ, ನಿಂತಳು, ಕಾದಳು, ಫ್ಯಾನು ಮಾತ್ರ ಕಿರ್ ಅಂತಿದೆ, ಯಾರೂ ಹೂಂ ಅನ್ನುತ್ತಿಲ್ಲ, ಹೂಂ ಅನ್ನದಿದ್ದರೆ ಅಜ್ಜಿಯ ಕೊಂಕಣಿ ಗಕ್ಕನೆ ಬ್ರೇಕು ಹಾಕುತ್ತಿತ್ತು, ಕೇಳುವವರಿಲ್ಲದ ಕಥೆಯನ್ನು ಗೋಡೆಗೆ ಹೇಳಲೇ ಎಂದು ಬೈಯುತ್ತಿದ್ದಳು — ಯಾಕ ನಿಂತಿ, ಮರ್ತೇನು, ಸರ್ ಕೇಳುತ್ತಾರೆ — ಇಲ್ರಿ ಸರ್, ಯಾರಾರ ಹೂಂ ಅನ್ನಬೇಕ್ರಿ, ಇಲ್ಲಂದ್ರ ಕಥಿ ಮುಂದಕ್ಕ ಹೋಗಂಗಿಲ್ಲ, ಅಯ್ಯೋ ಬಾಯಿಂದ ಬಿದ್ದೇ ಹೋಯಿತು, ಕ್ಲಾಸಿಗೆ ಕ್ಲಾಸೇ ನಗುತ್ತಿದೆ, ಶರಣಬಸವ ಬೆಂಚು ಬಡಿದು ನಗುತ್ತಿದ್ದಾನೆ, ಸರ್ ನಗಲಿಲ್ಲ, ನಮ್ಮವ್ವನೂ ಹಂಗ ಅಂತಿದ್ದಳು, ಅನ್ರಿ ಎಲ್ಲಾರೂ, ಎಂದರು, ಮೊದಲು ಪಕ್ಕದ ಲಕ್ಷ್ಮೀದೇವಿ, ತೆಳ್ಳಗೆ, ಹೂಂ, ಆಮೇಲೆ ಒಂದು ಬೆಂಚು, ಎರಡು ಬೆಂಚು, ಅಬ್ಬಾ, ಹೂಂ ಸಿಕ್ಕಿದ್ದೇ ತಡ ಇಂಗ್ಲಿಷು ತಾನಾಗಿ ಬರುತ್ತಿದೆ, ದಿ ಟ್ರೀ ವಾಸ್ ಟಾಲ್, ಹೂಂ, ದಿ ಬೇರ್ ವಾಸ್ ಹಂಗ್ರಿ, ಹೂಂ, ಎಂಥ ಖುಷಿ ಇದು, ಹಿಸ್ ಲೆಗ್ ಇಸ್ ಹ್ಯಾಂಗಿಂಗ್, ಮೇಲೆ ಕಾಲು, ಕೆಳಗೆ ಮೂಗು, ನಡುವೆ ಒಂದೇ ಗೇಣು, ಹೂಂ — ಮುಂದೆ, ಮುಂದೆ ಏನು, ದೇವರೇ, ಮುಂದೆ ಅವಳಿಗೆ ಗೊತ್ತಿಲ್ಲ, ಇಲ್ಲಿಗೆ ಬರುವಷ್ಟರಲ್ಲಿ ಪ್ರತಿ ಮಧ್ಯಾಹ್ನ ಅಜ್ಜಿಯ ತೊಡೆಯ ಮೇಲೆ ಇವಳಿಗೆ ನಿದ್ದೆ, ಹೂಂ ನಿಂತಿತು, ಕಥೆ ನಿಂತಿತು, ಮರುದಿನ ಮತ್ತೆ ಮೊದಲಿನಿಂದ, ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಕೇಳಬಾರದಿತ್ತೇ ಪೆದ್ದಿ, ಕರಡಿ ಕಚ್ಚಿಲ್ಲ, ಅಷ್ಟಂತೂ ಖರೆ, ಮೊನ್ನೆ ಭಾನುವಾರ ಚರ್ಚಿಗೆ ಹೊರಟ ಅಜ್ಜನಿಗೆ ಚಪ್ಪಲಿ ಎತ್ತಿಕೊಟ್ಟವಳು ತಾನೇ, ಕಾಲಿನ ಹತ್ತೂ ಬೆರಳು ಗಟ್ಟಿಮುಟ್ಟಾಗಿವೆ, ಆದರೆ ಹೇಗೆ, ಹೇಗೆ ಉಳಿದವು — ಹೂಂ, ಅನ್ನುತ್ತಿದೆ ಇಡೀ ಕ್ಲಾಸು, ಮುಂದ ಹೇಳಬೇ, ಇದು ಶರಣಬಸವ, ನಗುವುದನ್ನೇ ಮರೆತು ಬೆಂಚಿನ ತುದಿಗೆ ಬಂದಿದ್ದಾನೆ, ಮುಂದ ಏನಾತು, ಇದು ಸರ್, ಸೀಮೆಸುಣ್ಣ ಕೈಯಲ್ಲೇ ಉಳಿದಿದೆ, ಕೂತ್ಕೋ ಎಂದು ಯಾರೂ ಅನ್ನುತ್ತಿಲ್ಲ, ಅವಳಿಗೂ ಕೂರುವ ಮನಸ್ಸಿಲ್ಲ, ಹೂಂ, ಅಜ್ಜನ ಕಾಲು, ಹೂಂ, ಕರಡಿಯ ಮೂಗು, ನಡುವೆ ಒಂದೇ ಗೇಣು.